ನೀವು ಕೇಳಿದ್ದು: ಹೆದರಿಸಿದರೆ ಓದುತ್ತಾರಾ?

ಪರಿಸರದ ಬಗ್ಗೆ ಬರೆಯುವವರು ಓದುಗರ ಮನಸ್ಸನ್ನು ನಿಜಕ್ಕೂ ಮುಟ್ಟುತ್ತಾರಾ ಎಂದು ಕಳೆದ ತಿಂಗಳು ಈ ಅಂಕಣದ ಕೊನೆಯಲ್ಲಿ ಒಂದು ಸಾಲು ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ. ಏಳನ್ನು ಆರಿಸಿದ್ದೇನೆ. ಬೈದವರನ್ನೂ ಬಿಟ್ಟಿಲ್ಲ.

*

ಮೇಡಂ, ನಾನು ನಿವೃತ್ತ ಶಿಕ್ಷಕಿ. ಹದಿನೈದು ವರ್ಷದಿಂದ ನಿಮ್ಮ ಲೇಖನಗಳನ್ನು ಓದುತ್ತಿದ್ದೇನೆ. ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಹಿಮ ಕರಗಿತು, ಕಾಡು ಉರಿಯಿತು ಎಂದು ಓದಿದಾಗ ಎದೆ ಧಸಕ್ ಎನ್ನುತ್ತದೆ. ಆಮೇಲೆ ಪುಟ ತಿರುವಿ ಪದಬಂಧ ಬಿಡಿಸಲು ಕೂರುತ್ತೇನೆ. ತಪ್ಪು ನನ್ನದಾ, ಬರೆದವರದಾ?

ಬೇಸರವೇನಿಲ್ಲ. ತಪ್ಪು ಜಾಸ್ತಿ ನಮ್ಮದೇ.

ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ನಾನು ಬರೆದ ಮೊದಲ ಲೇಖನ ಈಗಲೂ ನನ್ನ ಹತ್ತಿರ ಇದೆ. ನಾಲ್ಕು ಪುಟ. ಹತ್ತೊಂಬತ್ತು ಅಂಕಿಗಳಿವೆ, ಮೊನ್ನೆ ಕೂತು ಎಣಿಸಿದೆ. 'ಪ್ರಳಯ' ಎಂಬ ಪದ ಐದು ಸಲ ಬಂದಿದೆ. ಕೊನೆಯ ಸಾಲು 'ಇನ್ನಾದರೂ ಎಚ್ಚೆತ್ತುಕೊಳ್ಳೋಣ.' ಅದಕ್ಕೆ ಒಂದೇ ಒಂದು ಪತ್ರ ಬಂತು. ಅಂಟಾರ್ಟಿಕಾದ ಕಾಗುಣಿತ ಎರಡು ಕಡೆ ಎರಡು ಥರ ಇದೆ, ಯಾವುದು ಸರಿ ಎಂದು ಕೇಳಿದ್ದರು. ನಾಲ್ಕು ಪುಟದಲ್ಲಿ ಓದುಗರು ಕೈ ಹಾಕಿ ಸರಿ ಮಾಡಬಹುದಾಗಿದ್ದು ಅದೊಂದೇ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಹೆದರಿದವರು ಓಡಬೇಕು, ಇಲ್ಲ ಹೊಡೆದಾಡಬೇಕು. ನಮ್ಮ ಲೇಖನ ಓದಿ ಹೆದರಿದವರಿಗೆ ಓಡಲು ಜಾಗವಿಲ್ಲ, ಹೊಡೆಯಲು ಎದುರಿಗೆ ಯಾರೂ ಇಲ್ಲ. ಉಳಿಯುವುದು ಪದಬಂಧ. ಬ್ರಿಟನ್ನಿನ ಇಬ್ಬರು ಸಂಶೋಧಕಿಯರು 2009ರಲ್ಲಿ ಇದನ್ನೇ ಪ್ರಕಟಿಸಿದರು. ಭಯ ಹುಟ್ಟಿಸುವ ಚಿತ್ರಗಳು ಜನರ ಗಮನವನ್ನು ಚೆನ್ನಾಗಿಯೇ ಸೆಳೆಯುತ್ತವೆ. ಅದರ ಜೊತೆಗೇ 'ಇದು ಎಲ್ಲೋ ದೂರದ್ದು, ನನ್ನಿಂದ ಏನೂ ಆಗದು' ಎಂದೂ ಅನ್ನಿಸುವಂತೆ ಮಾಡುತ್ತವೆ. ಗಮನವೂ ಕಾಳಜಿಯೂ ಒಂದೇ ಎಂದು ನಾವು ಬಹಳ ವರ್ಷ ತಿಳಿದಿದ್ದೆವು.

ಹಾಗಾದರೆ ಹೆದರಿಸಲೇಬಾರದಾ? ಹಾಗೇನಿಲ್ಲ. ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಬರೆದಾಗ ಡಿಡಿಟಿ ಎಂಬ ಕೀಟನಾಶಕದ ರಸಾಯನಶಾಸ್ತ್ರದಿಂದ ಶುರು ಮಾಡಲಿಲ್ಲ. ಹಕ್ಕಿಗಳ ಸದ್ದೇ ಇಲ್ಲದ ಒಂದು ಊರಿನ ಕಥೆಯಿಂದ ಶುರು ಮಾಡಿದರು. ಇಂಥ ಊರು ಇಲ್ಲ, ಆದರೆ ಇಲ್ಲಿ ಹೇಳಿದ ಒಂದೊಂದು ಕೇಡೂ ಎಲ್ಲೋ ಒಂದು ಕಡೆ ಆಗಿರುವಂಥದ್ದೇ ಎಂದು ಅವರೇ ಹೇಳಿದರು. ಅದೂ ಹೆದರಿಕೆಯೇ. ಆದರೆ ಹಕ್ಕಿಯ ದನಿ ಓದುಗರ ಕಿವಿಯಲ್ಲಿ ಮೊದಲೇ ಇರುತ್ತದೆ. ಪುಸ್ತಕ ಕೆಳಗಿಟ್ಟು ಕಿಟಕಿ ತೆರೆದರೆ ಪರೀಕ್ಷೆ ಮಾಡಬಹುದು. ಜೊತೆಗೆ, ಏನನ್ನು ನಿಲ್ಲಿಸಬೇಕು ಎನ್ನುವುದೂ ಪುಸ್ತಕದಲ್ಲಿತ್ತು. ಅಮೆರಿಕದಲ್ಲಿ ಡಿಡಿಟಿಯ ಬಹುಪಾಲು ಬಳಕೆ 1972ರಲ್ಲಿ ನಿಂತಿತು. ಕಾರ್ಸನ್ ಅದನ್ನು ನೋಡಲಿಲ್ಲ, 1964ರಲ್ಲೇ ತೀರಿಕೊಂಡಿದ್ದರು.

ನನಗೆ ಬುದ್ಧಿ ಬಂದಿದ್ದು ಕಾರ್ಸನ್ ಓದಿ ಅಲ್ಲ, ಅಪ್ಪನ ಲೆಕ್ಕದ ಪುಸ್ತಕದಿಂದ. ಮನೆ ಎದುರಿನ ಮರ ಮೊದಲ ಹೂ ಬಿಟ್ಟ ತಾರೀಕನ್ನು ಅವರು ಪ್ರತಿ ವರ್ಷ ಅಂಚಿನಲ್ಲಿ ಬರೆಯುತ್ತಿದ್ದರು. ಯಾಕೆ ಎಂದು ನಾನು ಕೇಳಲೇ ಇಲ್ಲ. ಅವರು ಹೋದ ಮೇಲೆ ಪುಸ್ತಕಗಳು ನನ್ನ ಪಾಲಿಗೆ ಬಂದವು. 31 ವರ್ಷದ ತಾರೀಕುಗಳು. ಸುಮ್ನೆ ಒಂದರ ಕೆಳಗೊಂದು ಬರೆದು ನೋಡಿದೆ. ಕೆಲವು ವರ್ಷ ಬೇಗ, ಕೆಲವು ವರ್ಷ ತಡ. ಕೊನೆಕೊನೆಗೆ ಬೇಗವೇ ಜಾಸ್ತಿ. ಒಂದು ಮರದಿಂದ ಏನೂ ಸಾಬೀತಾಗುವುದಿಲ್ಲ ಎಂದು ಸೇರಿಸಿ, ಒಂದೇ ಪುಟದಲ್ಲಿ ಇಷ್ಟನ್ನು ಬರೆದೆ. ಪಕ್ಕದಲ್ಲಿ ಕ್ಯೋಟೋದ ವಿಷಯ ಹಾಕಿದೆ. ಆ ಜಪಾನಿ ನಗರದಲ್ಲಿ ಚೆರ್ರಿ ಮರಗಳು ಪೂರ್ತಿ ಅರಳಿದ ದಿನವನ್ನು ಒಂಬತ್ತನೇ ಶತಮಾನದಿಂದಲೂ ಅರಮನೆಯವರು, ಸನ್ಯಾಸಿಗಳು ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. 2021ರಲ್ಲಿ ಅವು ಮಾರ್ಚ್ 26ಕ್ಕೇ ಅರಳಿದವು. ಅದಕ್ಕೆ ಮೊದಲಿನ 1,200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ. (ಬಿಸಿ ಏರಿದರೆ ಚೆರ್ರಿ ಬೇಗ ಅರಳುತ್ತದೆ. ಆ ನಗರ ಬೆಳೆದು ಬಿಸಿಯಾಗಿದ್ದರ ಪಾಲೂ ಇದರಲ್ಲಿದೆ. ಅದನ್ನೂ ಬರೆದಿದ್ದೆ.)

ಆ ಒಂದು ಪುಟಕ್ಕೆ 46 ಪತ್ರ ಬಂದವು. ನನ್ನನ್ನು ಹೊಗಳಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ತಮ್ಮದನ್ನೇ ಬರೆದಿದ್ದರು. ಅಜ್ಜನ ಬಾವಿಯ ಲೆಕ್ಕ, ಒಂದು ಹಕ್ಕಿ ಬರುವುದನ್ನು ನಿಲ್ಲಿಸಿದ ವರ್ಷ, ಅಮ್ಮ ಗೋಡೆಯ ಮೇಲೆ ಗೀಚಿದ ಮಳೆಯ ಗುರುತು. ಅವರಿಗೆ ಕಾಳಜಿ ಹುಟ್ಟಿಸಬೇಕು ಎಂದು ನಾನು ಅಷ್ಟು ವರ್ಷ ಒದ್ದಾಡಿದ್ದೆ. ಅದು ಮೊದಲೇ ಇತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

*

'ಹವಾಮಾನ ಬದಲಾವಣೆ', 'ಹವಾಗುಣ ಬದಲಾವಣೆ' ಎರಡೂ ಕಾಣುತ್ತವೆ. ಯಾವುದು ಸರಿ? ಪದದಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ, ಬಹಳ. ಹವಾಮಾನ ಎಂದರೆ ಇವತ್ತು ಬಿಸಿಲೋ ಮಳೆಯೋ ಎನ್ನುವುದು. ಹವಾಗುಣ ಎಂದರೆ ಒಂದು ಜಾಗದ ಸ್ವಭಾವ. ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ತೆಗೆದು ಅದನ್ನು ಹೇಳುತ್ತಾರೆ. ಹವಾಮಾನ ಬದಲಾಗುವುದು ಸುದ್ದಿಯೇ ಅಲ್ಲ. ಅದು ದಿನಾ ಬದಲಾಗುತ್ತದೆ, ಅದರ ಕೆಲಸವೇ ಅದು. ಗುಣ ಬದಲಾದರೆ ಸುದ್ದಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹವಾಗುಣದ ವಿಷಯದಲ್ಲಿ ಗಾದೆ ಸೋತಿದೆ, ಅದು ಬದಲಾಗುತ್ತಿರುವುದೇ ನಾವು ಸುಡುತ್ತಿರುವುದರಿಂದ. ಕಲ್ಲಿದ್ದಲು, ಎಣ್ಣೆ, ಅನಿಲ.

ಆದರೂ ಎಷ್ಟೋ ತಲೆಬರಹಗಳಲ್ಲಿ ನಾನೂ 'ಹವಾಮಾನ' ಎಂದೇ ಬರೆದಿದ್ದೇನೆ. ಅದೇ ಜನರಿಗೆ ಗೊತ್ತಿರುವ ಪದ ಎಂದು ಸಂಪಾದಕರು ಹೇಳಿದರು, ನಾನು ವಾದಕ್ಕೆ ನಿಲ್ಲಲಿಲ್ಲ. ನಿಲ್ಲಬೇಕಿತ್ತು. ಇನ್ನು 'ಬದಲಾವಣೆ'. ಅದು ಎಷ್ಟು ಸಾಧು ಪದ ನೋಡಿ. ಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಅದನ್ನೇ ಕೊಡುತ್ತೇವೆ ಎನ್ನುತ್ತವೆ. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ 2019ರಲ್ಲಿ ಈ ಸಪ್ಪೆ ಪದದ ಬದಲು ಹವಾಗುಣದ ತುರ್ತು, ಬಿಕ್ಕಟ್ಟು ಎನ್ನುವ ಅರ್ಥದ ಪದಗಳನ್ನು ಬಳಸಿ ಎಂದು ತನ್ನ ಬರಹಗಾರರಿಗೆ ಹೇಳಿತು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. 'ಬಿಕ್ಕಟ್ಟು' ಎಂದು ದಿನಾ ಬರೆದರೆ ಅದೂ ಒಂದು ವರ್ಷದಲ್ಲಿ ಸಪ್ಪೆಯಾಗುತ್ತದೆ.

ನನಗೆ ಇದಕ್ಕಿಂತ ಸಿಟ್ಟು ಬರುವುದು 'ಹಸಿರುಮನೆ ಅನಿಲ'ದ ಮೇಲೆ. ಹಸಿರೂ ಒಳ್ಳೆಯದು, ಮನೆಯೂ ಒಳ್ಳೆಯದು. ಎರಡೂ ಸೇರಿದರೆ ಕೆಟ್ಟದ್ದು ಎಂದು ಓದುಗರು ಹೇಗೆ ತಿಳಿಯಬೇಕು? ಗಿಡಗಳು ಬಿಡುವ ಒಳ್ಳೆಯ ಗಾಳಿಗೆ ಹಾಗೆನ್ನುತ್ತಾರೆ ಎಂದು ನನ್ನ ತಂಗಿ ಎಷ್ಟೋ ವರ್ಷ ನಂಬಿದ್ದಳಂತೆ. ನನ್ನ ಲೇಖನಗಳನ್ನು ಓದಿಯೂ! ಅಂದಿನಿಂದ ನಾನು ಕಂಬಳಿ ಎನ್ನುತ್ತೇನೆ. ಇಂಗಾಲದ ಡೈಆಕ್ಸೈಡಿನಂಥ ಈ ಅನಿಲಗಳು ಭೂಮಿಯ ಬಿಸಿಯನ್ನು ಹಿಡಿದಿಡುತ್ತವೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಅದು ಇರುವುದರಿಂದ ಸುಮಾರು 15 ಡಿಗ್ರಿ ಇದೆ. ಕಂಬಳಿ ಬೇಕು. ನಾವು ಅದನ್ನು ದಪ್ಪ ಮಾಡುತ್ತಾ ಹೋದೆವು. ಇಷ್ಟು ಹೇಳಿದರೆ ಸಾಕು, ತಂಗಿ ಉಳಿದದ್ದನ್ನು ತಾನೇ ಹೇಳುತ್ತಾಳೆ.

*

ನೆರೆ ಬಂದರೆ ಹವಾಗುಣ, ಬರ ಬಂದರೆ ಹವಾಗುಣ, ಬಿರುಗಾಳಿ ಬಂದರೆ ಹವಾಗುಣ. ಮೊದಲು ಇವೆಲ್ಲ ಇರಲಿಲ್ಲವೇ? ನಿಮ್ಮಂಥವರ ಉತ್ಪ್ರೇಕ್ಷೆಯಿಂದಲೇ ಜನ ನಂಬುವುದಿಲ್ಲ.

ಒಂದು ಸಲ ನಾನು ಹಾಗೆ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಒಂದು ಬಿರುಗಾಳಿಗೆ 'ಹವಾಗುಣ ಬದಲಾವಣೆಯೇ ಕಾರಣ' ಎಂದು ಒಂದೇ ಏಟಿಗೆ ಬರೆದುಬಿಟ್ಟೆ. ಅದನ್ನು ಆಗ ಯಾರೂ ಅಧ್ಯಯನ ಮಾಡಿರಲಿಲ್ಲ. ಒಬ್ಬ ಓದುಗರು ಕೇಳಿದರು, ಮುಂದಿನ ತಿಂಗಳು ತಿದ್ದುಪಡಿ ಹಾಕಿದೆ.

ಈಗ ಹೀಗೆ ಯೋಚಿಸುತ್ತೇನೆ. ಒಂದು ಕೋಣೆಯ ನೆಲವನ್ನು ಒಂದು ಗೇಣು ಎತ್ತರಿಸಿದ್ದೀರಿ ಎಂದುಕೊಳ್ಳಿ. ಮೊದಲು ಬಹಳ ಎತ್ತರದವರ ತಲೆ ಮಾತ್ರ ಸೂರಿಗೆ ತಾಗುತ್ತಿತ್ತು. ಈಗ ಹೆಚ್ಚು ಜನರ ತಲೆ ತಾಗುತ್ತದೆ. ತಲೆಗೆ ಪೆಟ್ಟಾದವರ ಎತ್ತರವೂ ಕಾರಣ, ನೆಲವೂ ಕಾರಣ. ನೆಲದ ಪಾಲು ಎಷ್ಟು ಎಂದು ಲೆಕ್ಕ ಹಾಕುವ ವಿಜ್ಞಾನ ಈಗ ಇದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಜಡಿಮಳೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಕೆನಡಾದ ಲಿಟ್ಟನ್ ಎಂಬ ಪುಟ್ಟ ಊರನ್ನು ತೆಗೆದುಕೊಳ್ಳಿ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಬಿಸಿಲು. ಆ ವಾರದ ತನಕ ಇಡೀ ಕೆನಡಾದ ದಾಖಲೆ 45 ಡಿಗ್ರಿ, ಅದೂ 1937ರದ್ದು. ಮರುದಿನ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಯಿತು. ಮನುಷ್ಯರು ಭೂಮಿಯನ್ನು ಬಿಸಿ ಮಾಡದೇ ಇದ್ದಿದ್ದರೆ ಅಂಥ ಬಿಸಿ ಹೆಚ್ಚುಕಡಿಮೆ ಅಸಾಧ್ಯ ಎಂದು ವಿಜ್ಞಾನಿಗಳ ತಂಡವೊಂದು ಕೆಲವೇ ದಿನಗಳಲ್ಲಿ ಲೆಕ್ಕ ಹಾಕಿ ಹೇಳಿತು. ಗಮನಿಸಿ, ಅವರು ಹೇಳಿದ್ದು ಬಿಸಿಲಿನ ಬಗ್ಗೆ. ಬೆಂಕಿಯ ಕಿಡಿ ಎಲ್ಲಿಂದ ಬಂತು ಎನ್ನುವುದು ಬೇರೆ ಪ್ರಶ್ನೆ. ಬರೆಯುವವರು ಈ ಎರಡನ್ನೂ ಕಲಸಿದರೆ ನಿಮ್ಮ ಸಿಟ್ಟು ನ್ಯಾಯವೇ.

*

ಅಕ್ಕಾ, ಕಾಲೇಜು ಪತ್ರಿಕೆಗೆ ಹವಾಗುಣದ ಬಗ್ಗೆ ಬರೆಯಲು ಹೇಳಿದ್ದಾರೆ. ಅಂಕಿ ಅಂಶ ಎಷ್ಟು ಹಾಕಲಿ?

ಒಂದು ಹಾಕು. ನಿಜವಾಗಿ ಹೇಳ್ತಿದ್ದೇನೆ, ಒಂದೇ. ಅದಕ್ಕೆ ಒಂದು ಕಥೆ ಕೊಡು.

ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಕಣಗಳಲ್ಲಿ ಅದರದ್ದು ಸುಮಾರು 313. ಇವತ್ತು 420 ದಾಟಿದೆ. ಯಂತ್ರಗಳ ಯುಗಕ್ಕೆ ಮೊದಲು 280ರ ಸುಮಾರಿಗೆ ಇತ್ತು. ಆದರೆ ನನಗೆ ಇಷ್ಟವಾಗುವುದು ಈ ಅಳತೆಗಳನ್ನು ಸೇರಿಸಿ ಎಳೆದ ಗೆರೆಯ ಹಲ್ಲುಗಳು. ಅದು ನೇರವಾಗಿ ಏರುವುದಿಲ್ಲ, ಗರಗಸದ ಹಾಗೆ ಇದೆ. ಭೂಮಿಯ ಉತ್ತರ ಅರ್ಧದಲ್ಲಿ ಎಲೆ ಚಿಗುರಿ ಬೆಳೆದಾಗ ಇಳಿಯುತ್ತದೆ, ಎಲೆ ಉದುರಿ ಕೊಳೆತಾಗ ಏರುತ್ತದೆ. ಕಾಡುಗಳೆಲ್ಲ ಒಟ್ಟಿಗೆ ಉಸಿರಾಡುವುದು ಒಂದು ಬೆಟ್ಟದ ಮೇಲಿನ ಯಂತ್ರಕ್ಕೆ ತಿಳಿಯುತ್ತದೆ. ಇದನ್ನು ಹೇಳಿದ ಮೇಲೆ 420 ಎಂದರೆ ಯಾರೂ ಆಕಳಿಸುವುದಿಲ್ಲ.

ಅಂಕಿ ಜಾಸ್ತಿ ಆದರೆ ಏನಾಗುತ್ತದೆ ಗೊತ್ತಾ? ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಸಿವಿನಿಂದ ನರಳುತ್ತಿರುವ ಏಳು ವರ್ಷದ ಒಬ್ಬ ಹುಡುಗಿಯ ಚಿತ್ರ, ಹೆಸರು ತೋರಿಸಿ ಸಹಾಯ ಕೇಳಿದಾಗ ಜನ ಜಾಸ್ತಿ ಕೊಟ್ಟರು. ಲಕ್ಷಗಟ್ಟಲೆ ಜನರ ಲೆಕ್ಕ ತೋರಿಸಿದಾಗ ಅದರ ಅರ್ಧದಷ್ಟು ಕೊಟ್ಟರು. ಹುಡುಗಿಯ ಜೊತೆಗೇ ಲೆಕ್ಕವನ್ನೂ ಇಟ್ಟಾಗ ಹುಡುಗಿಗೂ ಕಡಿಮೆಯಾಯಿತು! ಇದನ್ನು ಓದಿ ಎಲ್ಲರೂ 'ಒಬ್ಬರ ಕಥೆ ಹೇಳಿ' ಎನ್ನುತ್ತಾರೆ. ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ. ಒಬ್ಬರ ಕಣ್ಣೀರು ತೋರಿಸಿದರೆ ಓದುಗರು ಆ ಒಬ್ಬರಿಗೆ ಮರುಗಿ ಮುಗಿಸುತ್ತಾರೆ. ಕಣ್ಣೀರಿಗಿಂತ ಆ ಮನುಷ್ಯರ ಕೆಲಸ ತೋರಿಸು. ಮೀನುಗಾರರು ಈಗ ಬಲೆ ಎಲ್ಲಿ ಬೀಸುತ್ತಾರೆ, ಯಾಕೆ ಜಾಗ ಬದಲಿಸಿದರು, ಹಾಗೆ.

ಅಂಕಿಯೇ ಬೇಡ ಎಂದರೂ ದಾರಿ ಇದೆ. ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣದ ಪಟ್ಟಿ ಎಳೆದರು. ತಂಪಿನ ವರ್ಷಕ್ಕೆ ನೀಲಿ, ಬಿಸಿಯ ವರ್ಷಕ್ಕೆ ಕೆಂಪು. ಚಿತ್ರದಲ್ಲಿ ಒಂದು ಅಂಕಿಯೂ ಇಲ್ಲ. ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ಸಾಕು.

ನೀನು ಕಣ್ಣಾರೆ ನೋಡದ ಹಿಮಗಡ್ಡೆಯಿಂದ ಲೇಖನ ಶುರು ಮಾಡಬೇಡ. ಬರೆದ ಮೇಲೆ ಈ ವಿಷಯದಲ್ಲಿ ಆಸಕ್ತಿಯೇ ಇಲ್ಲದ ಗೆಳೆಯನಿಗೆ ಗಟ್ಟಿಯಾಗಿ ಓದಿ ಹೇಳು. ಅವನು ಮೊಬೈಲ್ ತೆಗೆದ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕು. ಅಲ್ಲಿಂದ ಮೇಲಿನ ಎರಡು ಪ್ಯಾರಾ ಹೊಡೆದು ಹಾಕು. ಕೊನೆಯಲ್ಲಿ 'ಎಚ್ಚೆತ್ತುಕೊಳ್ಳೋಣ' ಬೇಡ. ನನ್ನ ಕಡೆಯಿಂದಲೇ ಅದು ಸಾಕಷ್ಟು ಆಗಿದೆ.

*

ನೀವು ಎಸಿ ಕೋಣೆಯಲ್ಲಿ ಕೂತು ಇದನ್ನೆಲ್ಲ ಬರೆಯುತ್ತೀರಿ ಅಲ್ವಾ?

ಫ್ಯಾನು. ಆದರೆ ವಿಮಾನ ಹತ್ತಿದ್ದೇನೆ, ಆದ್ದರಿಂದ ನಿಮ್ಮ ಬಾಣ ಪೂರ್ತಿ ಗುರಿ ತಪ್ಪಿಲ್ಲ.

'ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು?' ಎಂದು, ಅಂದರೆ ನಿಮ್ಮ ಬದುಕಿನಿಂದ ಗಾಳಿಗೆ ಎಷ್ಟು ಇಂಗಾಲದ ಅನಿಲ ಸೇರುತ್ತದೆ ಎಂದು, ಎಲ್ಲರನ್ನೂ ಕೇಳುವ ರೂಢಿಯನ್ನು ಜೋರಾಗಿ ಹಬ್ಬಿಸಿದ್ದು ಎಣ್ಣೆ ಕಂಪನಿ ಬಿಪಿಯ ಜಾಹೀರಾತುಗಳು, 2000ದ ದಶಕದಲ್ಲಿ. ಎಣ್ಣೆ ಮಾರುವವರು ಕೊಳ್ಳುವವರ ಕಡೆ ಬೆರಳು ತೋರಿಸಿದರು. ನಾವು ಬರಹಗಾರರು ಆ ಬೆರಳನ್ನೇ ಎರವಲು ಪಡೆದು ವರ್ಷಗಟ್ಟಲೆ ಓದುಗರಿಗೆ ತೋರಿಸಿದೆವು. ತಪ್ಪಿತಸ್ಥರಂತೆ ನಿಲ್ಲಿಸಿದರೆ ಯಾರು ತಾನೇ ಕೇಳಿಸಿಕೊಳ್ಳುತ್ತಾರೆ?

ಓಝೋನ್ ಕಥೆ ಬೇರೆ ಥರ ನಡೆಯಿತು. ಅಂಟಾರ್ಟಿಕಾದ ಮೇಲೆ ಓಝೋನ್ ಪದರ ತೆಳುವಾಗಿರುವುದನ್ನು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಜನ ಅದನ್ನು 'ತೂತು' ಎಂದರು. ಸೂರಿನಲ್ಲಿ ತೂತಾದರೆ ಮುಚ್ಚಬೇಕು ಎಂದು ಯಾರಿಗೂ ಪಾಠ ಹೇಳಬೇಕಿಲ್ಲ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಯಾರೂ ಫ್ರಿಜ್ ಬಿಡಲಿಲ್ಲ, ಆ ಪದರವನ್ನು ತಿನ್ನುತ್ತಿದ್ದ ಫ್ರಿಜ್‌ನೊಳಗಿನ ಅನಿಲ ಬದಲಾಯಿತು. ಅಂಟಾರ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದು ಎಂಬ ಅಂದಾಜಿದೆ. ಸುಡುವುದನ್ನು ನಿಲ್ಲಿಸುವುದು ಅದಕ್ಕಿಂತ ಎಷ್ಟೋ ದೊಡ್ಡ ಕೆಲಸ, ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಆದರೂ ಗೆದ್ದ ಕಥೆ ನಾವು ಹೇಳುವುದೇ ಅಪರೂಪ.

*

ಕಾಲ ಮಿಂಚಿ ಹೋಗಿದೆಯಾ? ಹೌದು ಅಥವಾ ಇಲ್ಲ ಎಂದು ಹೇಳಿ.

ಇಲ್ಲ. ಇದು ರೈಲು ತಪ್ಪಿಸಿಕೊಂಡ ಹಾಗಲ್ಲ. ಯಂತ್ರಗಳ ಯುಗಕ್ಕೆ ಮೊದಲಿಗಿಂತ ಭೂಮಿ 1.5 ಡಿಗ್ರಿ ಬಿಸಿಯಾದರೆ ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು ಹೋಗುತ್ತವೆ, 2 ಡಿಗ್ರಿಯಾದರೆ ಶೇ. 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2018ರಲ್ಲಿ ಹೇಳಿತು. ಆ ಅರ್ಧ ಡಿಗ್ರಿಯ ನಡುವೆ ಒಂದು ಕಡಲಿನಷ್ಟು ಜೀವ ಇದೆ. ಉಳಿಸಿದ ಒಂದೊಂದು ಚೂರಿಗೂ ಬೆಲೆಯಿದೆ.

*

ನಮ್ಮ ಭಾವನವರು ಮನೆಯವರೆಲ್ಲ ಸೇರಿದಾಗಲೆಲ್ಲ 'ಇದೆಲ್ಲ ಈಚೆಗೆ ಹುಟ್ಟಿಸಿದ ಕಥೆ' ಎನ್ನುತ್ತಾರೆ. ನಿಮ್ಮ ಲೇಖನ ತೋರಿಸಿದೆ, ನಕ್ಕರು. ವಾದ ಮಾಡಿ ಸಾಕಾಗಿದೆ. ಏನು ಮಾಡಲಿ?

ನನ್ನ ಲೇಖನ ತೋರಿಸಿದ್ದು ಮೊದಲ ತಪ್ಪು.

ನಿಮ್ಮ ಸಮಾಧಾನಕ್ಕೆ ಹೇಳುತ್ತೇನೆ. ಈಚಿನ ಕಥೆಯೇನಲ್ಲ. ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಹಿಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು, ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಜಾಸ್ತಿಯಿದ್ದರೆ ಭೂಮಿ ಬಿಸಿಯಾಗಿರುತ್ತದೆ ಎಂದು ಅವರು ಬರೆದಿದ್ದು 1856ರಲ್ಲಿ. ಕಂಬಳಿಯ ಲೆಕ್ಕವನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಕೈಯಲ್ಲೇ ಹಾಕಿ ಮುಗಿಸಿದ್ದು 1896ರಲ್ಲಿ. ಭಾವನವರಿಗೆ ಇದನ್ನು ಹೇಳಿದರೂ ಅವರು ನಗಬಹುದು. ಎಲ್ಲರ ಎದುರಿಗೆ ಸೋಲಲು ಯಾರಿಗೂ ಇಷ್ಟವಿಲ್ಲ, ಹಿರಿಯರಿಗಂತೂ ಇನ್ನೂ ಕಷ್ಟ. ಬದಲಿಗೆ ಅವರು ಚಿಕ್ಕವರಿದ್ದಾಗಿನ ಸೆಖೆ, ಮಳೆ, ಬಾವಿ ಹೇಗಿದ್ದವು ಎಂದು ಕೇಳಿ. ಕೇಳಿ ಸುಮ್ಮನಿರಿ. ಮರು ಪ್ರಶ್ನೆ ಬೇಡ.

ಇನ್ನೊಂದು ವಿಷಯ. 2024ರಲ್ಲಿ 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದ ಒಂದು ಸಮೀಕ್ಷೆ ಪ್ರಕಟವಾಯಿತು. ಭೂಮಿ ಬಿಸಿಯಾಗುವುದನ್ನು ತಡೆಯಲು ನಿಮ್ಮ ವರಮಾನದಲ್ಲಿ ನೂರಕ್ಕೆ ಒಂದು ಪಾಲು ಕೊಡುತ್ತೀರಾ ಎಂದು ಕೇಳಿದರು. ಶೇ. 69ರಷ್ಟು ಜನ ಹೂಂ ಎಂದರು. ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಜನ ಕೊಟ್ಟಾರು ಎಂದು ಕೇಳಿದರೆ ಶೇ. 43 ಎಂದು ಊಹಿಸಿದರು. ಪಕ್ಕದವರಿಗೆ ಕಾಳಜಿ ಇಲ್ಲ ಎಂದು ಎಲ್ಲರೂ ಅಂದುಕೊಂಡು ಎಲ್ಲರೂ ಸುಮ್ಮನಿದ್ದಾರೆ. ನನ್ನ ಆ 46 ಪತ್ರಗಳ ಗುಟ್ಟು ನನಗೆ ತಿಳಿದಿದ್ದು ಈ ಎರಡು ಅಂಕಿ ನೋಡಿದ ಮೇಲೆ.

ನಿಮ್ಮ ಪತ್ರ ಮೂರು ಪುಟ ಇದೆ, ಮೂರೂ ಪುಟದಲ್ಲಿ ಭಾವನವರೇ. ಅವರು ಮಾತಾಡುವಾಗ ಉಳಿದವರೂ ಅಲ್ಲೇ ಕೂತಿರುತ್ತಾರೆ ಅಲ್ವಾ? ನಿಮ್ಮ ಅಕ್ಕ ಏನನ್ನುತ್ತಾರೆ? ನೀವು ಬರೆದೇ ಇಲ್ಲ.